ಗಾಳಿಯ ನೀರನ್ನು ಲೆಕ್ಕವಿಟ್ಟವನು

ವಿಲಿಸ್ ಹ್ಯಾವಿಲೆಂಡ್ ಕ್ಯಾರಿಯರ್ ಎಂಬ ಹೆಸರನ್ನು ಜನರು ಸಾಮಾನ್ಯವಾಗಿ ತಂಪುಯಂತ್ರಗಳ ಮೇಲೆ ಕಾಣುತ್ತಾರೆ. ಆದರೆ ಆ ಯಂತ್ರಶಿಲ್ಪಿಯು ಮೊದಲು ಕೈಹಾಕಿದ್ದು ಸೆಕೆಯ ನಿವಾರಣೆಗಲ್ಲ. ಗಾಳಿಯಲ್ಲಿ ಅಡಗಿರುವ ನೀರಿನ ಲೆಕ್ಕಕ್ಕೆ.

ಆತ ಹುಟ್ಟಿದ್ದು 1876ರ ನವೆಂಬರ್ 26ರಂದು, ನ್ಯೂಯಾರ್ಕ್ ಸಂಸ್ಥಾನದ ಅಂಗೋಲದಲ್ಲಿ, ಬೇಸಾಯಗಾರರ ಮನೆಯಲ್ಲಿ. ಭಿನ್ನರಾಶಿಯ ಗಣಿತ ತಲೆಗೆ ಹತ್ತದೆ ತೊಳಲುತ್ತಿದ್ದ ಮಗನಿಗೆ ತಾಯಿ ಸೇಬುಗಳನ್ನು ಹೋಳುಮಾಡಿ, ಅರೆ ಕಾಲುಗಳ ಮರ್ಮವನ್ನು ತಿಳಿಸಿದಳು. ಮಗ ದೊಡ್ಡವನಾಗುವ ಮುನ್ನವೇ ಆಕೆ ತೀರಿಕೊಂಡಳು. ಲೆಕ್ಕವನ್ನು ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳುವ ಆ ಪಾಠ ಮಾತ್ರ ಅವನಲ್ಲಿ ಉಳಿಯಿತು. 1901ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಪದವಿ ಪಡೆದು, ವಾರಕ್ಕೆ 10 ಡಾಲರಿನ ಸಂಬಳದ ಮೇಲೆ ಬಫಲೋ ಫೋರ್ಜ್ ಕಂಪನಿಯನ್ನು ಸೇರಿದ.

ಮರುವರ್ಷವೇ ಬ್ರೂಕ್ಲಿನ್ನಿನ ಸ್ಯಾಕೆಟ್ ಮತ್ತು ವಿಲ್ಹೆಲ್ಮ್ಸ್ ಮುದ್ರಣಾಲಯದ ತೊಡಕು ಅವನ ಮುಂದೆ ಬಂದಿತು. ಅಲ್ಲಿ ಚಿತ್ರಗಳಿಗೆ ಒಂದರ ಮೇಲೊಂದಾಗಿ ಬಣ್ಣಗಳನ್ನು ಅಚ್ಚುಹಾಕುತ್ತಿದ್ದರು. ತೇವದ ದಿನ ಕಾಗದ ಹಿಗ್ಗುವುದು, ಒಣಹವೆಯಲ್ಲಿ ಕುಗ್ಗುವುದು. ಎರಡನೆಯ ಬಣ್ಣ ತನ್ನ ಸ್ಥಾನದಲ್ಲಿ ಕೂರದೆ ಚಿತ್ರವೇ ಕೆಡುವುದು. ಸಾಪೇಕ್ಷ ಆರ್ದ್ರತೆಯು ಸದಾ ಶೇಕಡ 55ರಲ್ಲಿ ನಿಲ್ಲಬೇಕಾಗಿದ್ದಿತು. ಕ್ಯಾರಿಯರ್ ಹವಾಮಾನ ಕಚೇರಿಯ ಕೋಷ್ಟಕಗಳನ್ನು ಹಿಡಿದು ಕುಳಿತು, ತಣ್ಣನೆಯ ಕೊಳವೆಗಳ ಮೇಲೆ ಗಾಳಿಯನ್ನು ಹಾಯಿಸಿ ಹೆಚ್ಚಿನ ತೇವವನ್ನು ಹನಿಗಟ್ಟಿಸುವ ಏರ್ಪಾಡನ್ನು 1902ರ ಜುಲೈನಲ್ಲಿ ರೂಪಿಸಿದ.

ಆ ವರ್ಷದ ಕೊನೆಯಲ್ಲಿ ಪಿಟ್ಸ್‌ಬರ್ಗಿನ ರೈಲು ನಿಲ್ದಾಣದಲ್ಲಿ ಮಂಜು ಕವಿದಿದ್ದಾಗ ಅವನಿಗೆ ಮತ್ತೊಂದು ವಿಚಾರ ಹೊಳೆಯಿತು. ಮಂಜಿನ ಗಾಳಿ ನೀರಿನಿಂದ ತುಂಬಿ ತುಳುಕುತ್ತಿದ್ದರೂ, ಚಳಿಯಿಂದಾಗಿ ಅದು ಆವಿಯಾಗಿ ಹೊತ್ತಿರುವ ನೀರು ಸ್ವಲ್ಪವೇ. ಅಂಥ ಗಾಳಿಯನ್ನು ಬೇಕಾದ ಉಷ್ಣತೆಯಲ್ಲಿ ತುಂಬಿಸಿ ಆಮೇಲೆ ಬೆಚ್ಚಗಾಗಿಸಿದರೆ, ತೇವ ಹೇಳಿದಷ್ಟೇ ಉಳಿಯುವುದು! ತಣ್ಣೀರಿನ ತುಂತುರಿನಿಂದಲೇ ಗಾಳಿಯನ್ನು ಒಣಗಿಸುವುದು ಮೇಲುನೋಟಕ್ಕೆ ವಿಪರೀತವೆನಿಸಬಹುದು. ಆದರೆ ತುಂತುರು ಸಾಕಷ್ಟು ತಣ್ಣಗಿದ್ದರೆ ಗಾಳಿಯ ಆವಿ ಅದರ ಹನಿಗಳ ಮೇಲೆಯೇ ಸಾಂದ್ರವಾಗುತ್ತದೆ. ಆ ಯಂತ್ರಕ್ಕೆ 1906ರಲ್ಲಿ ಪೇಟೆಂಟು ದೊರೆಯಿತು.

ಆತನ ಅತ್ಯುತ್ತಮ ಕಾಣಿಕೆಯಾದರೋ ಯಂತ್ರವಲ್ಲ, ಒಂದು ಲೇಖನ. 1911ರ ಡಿಸೆಂಬರಿನಲ್ಲಿ ಅಮೆರಿಕದ ಯಂತ್ರಶಿಲ್ಪಿಗಳ ಸಂಘದ ಮುಂದೆ ಅವನು ಆರ್ದ್ರತಾಮಾಪನದ ಸೂತ್ರಗಳನ್ನೂ ನಕ್ಷೆಯನ್ನೂ ಇಟ್ಟ. ವ್ಯಾಪಾರದ ಗುಟ್ಟಾಗಿ ಬಚ್ಚಿಡಬಹುದಾಗಿದ್ದ ವಿದ್ಯೆ ಹೀಗೆ ಎಲ್ಲರ ಸೊತ್ತಾಯಿತು. ಒಣ ಉಷ್ಣಮಾಪಕವೂ ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕವೂ ತೋರುವ ಎರಡು ಅಂಕಿಗಳಿದ್ದರೆ, ಗಾಳಿಯ ತೇವ, ಇಬ್ಬನಿ ಕಟ್ಟುವ ಬಿಂದು, ಅದರೊಳಗಿನ ಶಾಖ ಎಲ್ಲವನ್ನೂ ಅಂಥ ನಕ್ಷೆಯಿಂದ ಓದಬಹುದು. ನಾಟಕಶಾಲೆಯೊಂದನ್ನು ತಂಪಿಡಬೇಕೆನ್ನಿ. ಬಿಸಿಲು ಬಿದ್ದ ಗೋಡೆ, ದೀಪ, ಜನರ ಮೈ ಇವುಗಳಿಂದ ಬರುವ ಶಾಖ ಒಂದು ಹೊರೆ. ಉಸಿರು ಬೆವರುಗಳ ಆವಿಯಲ್ಲಿರುವ ಗುಪ್ತೋಷ್ಣ ಇನ್ನೊಂದು ಹೊರೆ. ಎರಡನೆಯದನ್ನು ಮರೆತ ಶಿಲ್ಪಿಯ ಶಾಲೆ ತಂಪಾದರೂ ತೇವದಿಂದ ಅಂಟಂಟಾಗುವುದು.

1915ರಲ್ಲಿ ಆರು ಮಂದಿ ಸಂಗಡಿಗರೊಡನೆ ಕ್ಯಾರಿಯರ್ ಸ್ವಂತ ಕಂಪನಿಯನ್ನು ಕಟ್ಟಿದ. 1922ರಲ್ಲಿ ಆತನ ಕೇಂದ್ರಾಪಗಾಮಿ ಶೀತಲಯಂತ್ರ ಬೆಳಕು ಕಂಡಿತು. 1925ರಲ್ಲಿ ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರವನ್ನು ತಂಪುಗೊಳಿಸಿತು. 1950ರ ಅಕ್ಟೋಬರ್ 7ರಂದು ಆತ ಕಾಲವಾದ. ಅವನ ಅಂಕಿಗಳನ್ನು ಮುಂದಿನವರು ತಿದ್ದಿದ್ದಾರೆ. ಗುಣಿಸುವ ಕೆಲಸ ಗಣಕಯಂತ್ರದ ಪಾಲಾಗಿದೆ. ಆದರೂ ಈ ವಿದ್ಯೆಯನ್ನು ಕಲಿಯುವ ವಿದ್ಯಾರ್ಥಿ ಇಂದಿಗೂ ಅಂಥದೇ ನಕ್ಷೆಯ ಮೇಲೆ ಗೆರೆಯೆಳೆದು, ಗಾಳಿ ಹೊತ್ತ ನೀರನ್ನು ಕಣ್ಣಾರೆ ಕಾಣುತ್ತಾನೆ.