ಕುಂಚದ ಸಾಧಕ ರವಿವರ್ಮ

ನಮ್ಮ ನಾಡಿನ ಎಷ್ಟೋ ಮನೆಗಳ ದೇವರ ಗೂಡುಗಳಲ್ಲಿ ಲಕ್ಷ್ಮೀ ಸರಸ್ವತಿಯರ ಪಟಗಳು ಕಂಗೊಳಿಸುತ್ತವೆ. ಅವುಗಳಲ್ಲಿ ಅನೇಕವು ರಾಜಾ ರವಿವರ್ಮನ ಕುಂಚದಿಂದ ಮೂಡಿದ ರೂಪಗಳನ್ನೇ ಅನುಸರಿಸಿವೆ. ಇಂತಹ ಕಲಾವಿದನೂ ಹರೆಯದಲ್ಲಿ ಗುರುವಿಲ್ಲದೆ, ಸೋಲು ಸಂದೇಹಗಳ ನಡುವೆಯೇ ತನ್ನ ದಾರಿಯನ್ನು ಅರಸಬೇಕಾಯಿತು.

ರವಿವರ್ಮನು 1848ರ ಏಪ್ರಿಲ್ 29ರಂದು ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ ಜನಿಸಿದನು. ತಂದೆ ಸಂಸ್ಕೃತ ವಿದ್ವಾಂಸ, ತಾಯಿ ಕವಯಿತ್ರಿ. ಬಾಲಕನು ಇದ್ದಿಲು ಹಿಡಿದು ಮನೆಯ ಗೋಡೆಗಳ ಮೇಲೆ ಪ್ರಾಣಿಪಕ್ಷಿಗಳ ಆಕೃತಿಗಳನ್ನು ಬರೆಯುತ್ತಿದ್ದನೆಂದು ಹೇಳುತ್ತಾರೆ. ಸೋದರಮಾವನಾದ ರಾಜರಾಜವರ್ಮನು ತಂಜಾವೂರು ಶೈಲಿಯ ಚಿತ್ರಕಾರ. ಗೋಡೆ ಕೆಟ್ಟಿತೆಂದು ಗದರಿಸದೆ, ಅವನು ಹುಡುಗನ ಕೈಗೆ ಕುಂಚವನ್ನಿತ್ತು ಮೊದಲ ಪಾಠಗಳನ್ನು ಹೇಳಿಕೊಟ್ಟನು.

1862ರಲ್ಲಿ ಮಾವನು ಅಳಿಯನನ್ನು ತಿರುವನಂತಪುರಕ್ಕೆ ಕರೆದೊಯ್ದನು. ಆಗ ರವಿವರ್ಮನಿಗೆ ಕೇವಲ ಹದಿನಾಲ್ಕು ವರ್ಷ. ಮಹಾರಾಜ ಆಯಿಲ್ಯಂ ತಿರುನಾಳನು ಹುಡುಗನ ಪ್ರತಿಭೆಯನ್ನು ಮೆಚ್ಚಿ ಆಶ್ರಯ ನೀಡಿದನು. ಅರಮನೆಯಲ್ಲಿದ್ದ ಪಾಶ್ಚಾತ್ಯ ಚಿತ್ರಗಳು ಬಾಲಕನಿಗೆ ಹೊಸದೊಂದು ಲೋಕವನ್ನೇ ತೆರೆದವು. ಆ ಚಿತ್ರಗಳ ಮುಖಗಳಲ್ಲಿ ಜೀವಕಳೆಯಿತ್ತು. ಉಡುಪಿನ ಮಡಿಕೆಗಳಲ್ಲಿ ನೆರಳು ಬೆಳಕುಗಳ ಆಟವಿತ್ತು. ಅವು ತೈಲವರ್ಣದ ಚಿತ್ರಗಳು. ತಾನು ಅದುವರೆಗೆ ಕಲಿತದ್ದು ಅಲ್ಪವೆಂಬುದು ರವಿವರ್ಮನ ಅರಿವಿಗೆ ಬಂದಿತು.

ತೈಲವರ್ಣದ ಗುಟ್ಟು ಬಲ್ಲವರು ಆಗ ಅಲ್ಲಿ ವಿರಳ. ಆಸ್ಥಾನ ಚಿತ್ರಕಾರ ರಾಮಸ್ವಾಮಿ ನಾಯ್ಕರನು ಹುಡುಗನಿಗೆ ವಿದ್ಯೆಯನ್ನು ಕಲಿಸಲು ಒಪ್ಪಲಿಲ್ಲ. ಅವನ ಶಿಷ್ಯನಾದ ಆರುಮುಗಂ ಪಿಳ್ಳೆ ರಾತ್ರಿಯ ವೇಳೆ ಗುಟ್ಟಾಗಿ ಬಂದು ತನಗೆ ತಿಳಿದಷ್ಟನ್ನು ಹೇಳಿಕೊಟ್ಟನೆಂದು ಪ್ರತೀತಿ. ಉಳಿದುದನ್ನು ರವಿವರ್ಮನು ತಾನೇ ಪ್ರಯೋಗ ಮಾಡಿ ಕಲಿಯಬೇಕಾಗಿತ್ತು. ಜಲವರ್ಣ ಬೇಗ ಒಣಗುತ್ತದೆ. ಎಣ್ಣೆ ಬೆರೆತ ಬಣ್ಣವಾದರೋ ನಿಧಾನವಾಗಿ ಒಣಗುತ್ತದೆ. ಪದರದ ಮೇಲೆ ಪದರವನ್ನು ಯಾವಾಗ ಹಚ್ಚಬೇಕು, ಎಣ್ಣೆ ಎಷ್ಟಿರಬೇಕು ಎಂಬುದು ಅನುಭವದಿಂದಲೇ ತಿಳಿಯತಕ್ಕ ವಿಷಯ. ಚಿತ್ರ ಕೆಟ್ಟಾಗ ತಪ್ಪು ಬಣ್ಣದಲ್ಲಿದೆಯೋ ತನ್ನ ಕೈಯಲ್ಲಿದೆಯೋ ಎಂದು ಹೇಳುವ ಗುರುವಿರಲಿಲ್ಲ. ಇಂತಹ ಸ್ಥಿತಿಯಲ್ಲಿ ತರುಣನೊಬ್ಬನು ತನ್ನ ಶಕ್ತಿಯನ್ನೇ ಶಂಕಿಸುವುದು ಸಹಜ. ಆದರೂ ರವಿವರ್ಮನು ಕುಂಚವನ್ನು ಕೆಳಗಿಡಲಿಲ್ಲ.

1868ರಲ್ಲಿ ಥಿಯೊಡೋರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರನು ಮಹಾರಾಜನ ಭಾವಚಿತ್ರವನ್ನು ಬರೆಯಲು ಬಂದನು. ಅವನೂ ಪಾಠ ಹೇಳಲು ಇಷ್ಟಪಡಲಿಲ್ಲ. ತಾನು ಕೆಲಸ ಮಾಡುವುದನ್ನು ನೋಡಲು ಮಾತ್ರ ಒಪ್ಪಿದನು. ರವಿವರ್ಮನಿಗೆ ಅಷ್ಟೇ ಸಾಕಾಯಿತು. ಕಣ್ಣಿನಿಂದ ಕಂಡುದನ್ನು ಮನಸ್ಸಿನಲ್ಲಿರಿಸಿಕೊಂಡು, ತಾನೇ ಮಾಡಿ ನೋಡಿ ಸಾಧಿಸಿಕೊಂಡನು.

ವಿದ್ಯೆ ಕೈಗೆ ಹತ್ತಿದರೂ ಇನ್ನೊಂದು ಪ್ರಶ್ನೆ ಉಳಿದಿತ್ತು. ರಾಜವಂಶದ ನಂಟಿರುವವನು ಹಣ ಪಡೆದು ಚಿತ್ರ ಬರೆಯುವುದು ಆ ಕಾಲದಲ್ಲಿ ವಾಡಿಕೆಯಾಗಿರಲಿಲ್ಲ. 1870ರಲ್ಲಿ ರವಿವರ್ಮನು ಕೊಲ್ಲೂರಿಗೆ ಯಾತ್ರೆ ಕೈಗೊಂಡು, ಮೂಕಾಂಬಿಕೆಯ ಸನ್ನಿಧಿಯಲ್ಲಿ ವ್ರತನಿಷ್ಠನಾಗಿ ಕೆಲಕಾಲ ಕಳೆದನು. ಮರಳುವ ದಾರಿಯಲ್ಲಿ ಕೋಳಿಕ್ಕೋಡಿನ ಕುಟುಂಬವೊಂದರ ಚಿತ್ರವನ್ನು ಸಂಭಾವನೆ ಪಡೆದು ಬರೆದನು. ಅಂದಿನಿಂದ ಚಿತ್ರಕಲೆಯೇ ಅವನ ವೃತ್ತಿಯಾಯಿತು.

1873ರಲ್ಲಿ ಮದರಾಸಿನ ಕಲಾಪ್ರದರ್ಶನದಲ್ಲಿ, ಮುಡಿಗೆ ಮಲ್ಲಿಗೆ ಮುಡಿಯುವ ನಾಯರ್ ಸ್ತ್ರೀಯ ಚಿತ್ರಕ್ಕೆ ಚಿನ್ನದ ಪದಕ ದೊರೆಯಿತು. ಅದೇ ವರ್ಷ ವಿಯೆನ್ನಾದಲ್ಲಿಯೂ ಅವನಿಗೆ ಮನ್ನಣೆ ಲಭಿಸಿತು. 1893ರಲ್ಲಿ ಅವನ ಹತ್ತು ಚಿತ್ರಗಳು ಷಿಕಾಗೋ ಪ್ರದರ್ಶನಕ್ಕೆ ಹೋದವು. ಅರಮನೆಗಳ ಗೋಡೆಗಳಿಗೆ ಮೀಸಲಾಗಿದ್ದ ಕಲೆ ಬಡವರ ಮನೆಗೂ ತಲುಪಲೆಂದು 1894ರಲ್ಲಿ ಅವನು ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದನು. ಆ ಉದ್ಯಮ ಅವನಿಗೆ ನಷ್ಟವನ್ನೇ ತಂದರೂ ಚಿತ್ರಗಳು ಮನೆಮನೆಗೂ ತಲುಪಿದವು. ಮೈಸೂರು ಅರಮನೆಗಾಗಿಯೂ ಅವನು ಚಿತ್ರಗಳನ್ನು ರಚಿಸಿದನು.

1906ರ ಅಕ್ಟೋಬರ್ 2ರಂದು ರವಿವರ್ಮನು ಕಾಲವಾದನು. ಕಲಿಸುವವರು ಬಾಗಿಲು ಮುಚ್ಚಿದಾಗಲೂ ಕಲಿಯುವ ಹಂಬಲವನ್ನು ಬಿಡದವನಿಗೆ ವಿದ್ಯೆ ಒಲಿಯುತ್ತದೆ ಎಂಬುದಕ್ಕೆ ಅವನ ಬಾಳು ನಿದರ್ಶನವಾಗಿದೆ.