ಯುರೇನಸ್ ಕುದುರೆಯ ಸವಾರ ತಕೇಯಿಚಿ ನಿಶಿ

ಗೆಳೆಯರೇ, ಕುದುರೆ ಮೇಲೆ ಕೂತು ಒಲಿಂಪಿಕ್ ಚಿನ್ನ ಗೆದ್ದ ಜಪಾನಿನ ಸೈನಿಕನ ಕಥೆ ಗೊತ್ತಾ? ಅವರೇ ತಕೇಯಿಚಿ ನಿಶಿ. 1902ರ ಜುಲೈ 12ರಂದು ಟೋಕಿಯೋದ ಶ್ರೀಮಂತ ಮನೆತನದಲ್ಲಿ ಹುಟ್ಟಿದರು. ದೊಡ್ಡವರಾಗಿ ಅಶ್ವದಳದ ಅಧಿಕಾರಿಯಾದರು.

1930ರಲ್ಲಿ ಇಟಲಿಯಲ್ಲಿ ಯುರೇನಸ್ ಎಂಬ ಕುದುರೆ ಕೊಂಡರು. ಅದು ಬಲು ಮೊಂಡು ಕುದುರೆಯಂತೆ. ಆದರೆ ನಿಶಿಯವರಿಗೆ ಚೆನ್ನಾಗಿ ಒಗ್ಗಿತು.

1932ರ ಆಗಸ್ಟ್ 14. ಅಮೆರಿಕದ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಕುದುರೆ ಅಡೆತಡೆಗಳನ್ನು ಹಾರಬೇಕು, ಬೀಳಿಸಿದರೆ ತಪ್ಪಂಕ. 11 ಸವಾರರಲ್ಲಿ ಕೊನೆ ಮುಟ್ಟಿದವರು ಐವರೇ! 8 ತಪ್ಪಂಕದ ನಿಶಿಯವರಿಗೆ ಚಿನ್ನ, 12 ತಪ್ಪಂಕದ ಅಮೆರಿಕದ ಹ್ಯಾರಿ ಚೇಂಬರ್ಲಿನ್‌ಗೆ ಬೆಳ್ಳಿ. ತಮ್ಮವರು ಸೋತರೂ ಅಲ್ಲಿಯ ಜನ ನಿಶಿಯವರನ್ನು ಮೆಚ್ಚಿಕೊಂಡರು. ಆ ಊರಿನ ಗೌರವ ಪೌರತ್ವವೂ ಸಿಕ್ಕಿತು. 1936ರ ಬರ್ಲಿನ್‌ನಲ್ಲಿ ಪದಕ ಬರಲಿಲ್ಲ. 2024ರ ಒಲಿಂಪಿಕ್ಸ್‌ವರೆಗೂ ಕುದುರೆ ಸವಾರಿಯಲ್ಲಿ ಜಪಾನಿಗೆ ಬಂದ ಚಿನ್ನ ಅದೊಂದೇ.

ಆಮೇಲೆ ಮಹಾಯುದ್ಧ ಬಂತು. ಕುದುರೆಗಳ ಜಾಗಕ್ಕೆ ಟ್ಯಾಂಕುಗಳು ಬಂದವು. 1944ರಲ್ಲಿ ನಿಶಿ 26ನೇ ಟ್ಯಾಂಕ್ ರೆಜಿಮೆಂಟಿನ ಮುಖ್ಯಸ್ಥರಾಗಿ ಐವೋ ಜಿಮಾ ದ್ವೀಪಕ್ಕೆ ಹೋದರು. ಯುರೇನಸ್‌ನ ಜೂಲಿನ ಒಂದಿಷ್ಟು ಕೂದಲು ಜೊತೆಗಿಟ್ಟುಕೊಂಡಿದ್ದರಂತೆ. 1945ರ ಫೆಬ್ರವರಿಯಲ್ಲಿ ದ್ವೀಪದ ಮೇಲೆ ದಾಳಿಗೆ ಬಂದವರು ಯಾರು ಗೊತ್ತಾ? ಅದೇ ಅಮೆರಿಕದವರು! ಮಾರ್ಚ್‌ನಲ್ಲಿ, 42ನೇ ವಯಸ್ಸಿಗೆ, ನಿಶಿ ಅಲ್ಲೇ ತೀರಿಕೊಂಡರು. ಅದೇ ತಿಂಗಳು ಟೋಕಿಯೋದಲ್ಲಿ ಯುರೇನಸ್ ಕೂಡ ಸತ್ತಿತು.

ಮೈದಾನದಲ್ಲಿ ಚಪ್ಪಾಳೆ ತಟ್ಟಿದ ದೇಶವೇ ಯುದ್ಧದಲ್ಲಿ ಶತ್ರುವಾಯಿತು ನೋಡಿ. ಆಟ ಜನರನ್ನು ಕೂಡಿಸುತ್ತೆ, ಯುದ್ಧ ಅಗಲಿಸುತ್ತೆ. ಇದನ್ನು ನಾವು ಮರೆಯಬಾರದು.