ಯುದ್ಧದ ಲೆಕ್ಕ ಬರೆದ ನಾರ್ಮನ್ ಏಂಜೆಲ್

ಇನ್ನು ಮುಂದೆ ಯುದ್ಧವೇ ಅಸಾಧ್ಯವೆಂದು ಬರೆದು, ನಾಲ್ಕೇ ವರ್ಷಗಳಲ್ಲಿ ನಗೆಪಾಟಲಿಗೀಡಾದವರು ಎಂಬ ಅಪಖ್ಯಾತಿ ಬ್ರಿಟನ್ನಿನ ನಾರ್ಮನ್ ಏಂಜೆಲ್ ಅವರಿಗೆ ಅಂಟಿಕೊಂಡಿದೆ. ವಾಸ್ತವದಲ್ಲಿ ಅವರು ಹಾಗೆ ಬರೆದಿರಲಿಲ್ಲ. ಯುದ್ಧ ಲಾಭದಾಯಕವಲ್ಲ ಎಂಬ ಮಾತಿಗೂ ಯುದ್ಧ ನಡೆಯಲಾರದು ಎಂಬ ಮಾತಿಗೂ ಇರುವ ಅಂತರವನ್ನು ವಿವರಿಸುವುದರಲ್ಲಿ ಅವರ ಆಯುಷ್ಯದ ಬಹುಭಾಗ ಕಳೆಯಿತು. ಜಗತ್ತು ಕಾಲಕ್ರಮೇಣ ಶಾಂತಿಯತ್ತ ಸಾಗುತ್ತಿದೆಯೇ ಎಂಬ ಪ್ರಶ್ನೆ ಮತ್ತೆ ಎದುರಾಗಿರುವ ಈ ದಿನಗಳಲ್ಲಿ ಆ ಅಂತರವನ್ನು ನೆನೆಯುವುದು ಉಚಿತ.

1872ರಲ್ಲಿ ಲಿಂಕನ್‌ಶೈರಿನ ಹೋಲ್‌ಬೀಚ್‌ನಲ್ಲಿ ಜನಿಸಿದ ಏಂಜೆಲ್ ಹದಿಹರೆಯದಲ್ಲೇ ಯುರೋಪಿನ ಮೇಲೆ ಬೇಸತ್ತು ಅಮೆರಿಕಕ್ಕೆ ಹೊರಟವರು. ಕ್ಯಾಲಿಫೋರ್ನಿಯಾದಲ್ಲಿ ದ್ರಾಕ್ಷಿ ಬಳ್ಳಿ ನೆಟ್ಟರು, ಕಾಲುವೆ ತೋಡಿದರು, ದನ ಕಾದರು, ಅಂಚೆ ಹೊತ್ತರು. ಕೊನೆಗೆ ಪತ್ರಿಕಾ ವರದಿಗಾರರಾದರು. 1898ರಲ್ಲಿ ಯುರೋಪಿಗೆ ಮರಳಿ ಪ್ಯಾರಿಸ್ಸಿನಲ್ಲಿ ನೆಲೆಸಿದರು. ಸ್ಪೇನ್ ವಿರುದ್ಧ ಅಮೆರಿಕದ ಯುದ್ಧೋತ್ಸಾಹ, ಡ್ರೈಫಸ್ ಪ್ರಕರಣದ ಕಾಲದ ಫ್ರೆಂಚರ ಉನ್ಮಾದ, ಬೋಯರ್ ಯುದ್ಧದ ಸಮಯದ ಬ್ರಿಟಿಷರ ಅಬ್ಬರ ಈ ಮೂರನ್ನೂ ಗಮನಿಸಿದ ಅವರಿಗೆ, ವಿದ್ಯಾವಂತ ಜನರೂ ತಮ್ಮ ಹಿತಕ್ಕೆ ವಿರುದ್ಧವಾಗಿ ಎಷ್ಟು ಸುಲಭವಾಗಿ ನಡೆದುಕೊಳ್ಳುತ್ತಾರೆಂಬುದು ಮನದಟ್ಟಾಯಿತು. 1903ರಲ್ಲಿ ಈ ಕುರಿತೇ ಒಂದು ಪುಸ್ತಕ ಬರೆದರು.

ಹೆಸರು ತಂದದ್ದು ಮಾತ್ರ 1909ರಲ್ಲಿ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದ ಕಿರುಹೊತ್ತಗೆ. ಮರುವರ್ಷ ಅದು ವಿಸ್ತಾರಗೊಂಡು 'ದಿ ಗ್ರೇಟ್ ಇಲ್ಯೂಷನ್' ಎಂಬ ಹೆಸರಿನಲ್ಲಿ ಪ್ರಕಟವಾಯಿತು; ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದಗೊಂಡಿತು. ಅದರ ವಾದ ಶುದ್ಧ ಅರ್ಥಶಾಸ್ತ್ರದ್ದು. 1871ರಲ್ಲಿ ಜರ್ಮನಿಯು ಫ್ರಾನ್ಸಿನಿಂದ ಅಲ್ಸೇಸ್-ಲೊರೇನ್ ಪ್ರಾಂತ್ಯವನ್ನು ಕಿತ್ತುಕೊಂಡಿತು. ಆದರೆ ಅಲ್ಲಿನ ಹೊಲ, ಗಿರಣಿಗಳು ಅವುಗಳ ಒಡೆಯರ ಬಳಿಯೇ ಉಳಿದವು. ಬರ್ಲಿನ್ನಿನ ಸಾಮಾನ್ಯ ಪ್ರಜೆಗೆ ದಕ್ಕಿದ್ದೇನು? ಸೋತ ಫ್ರಾನ್ಸ್ ತೆತ್ತ 500 ಕೋಟಿ ಫ್ರಾಂಕ್ ದಂಡದ ಹಣ ಹರಿದುಬಂದ ಬೆನ್ನಲ್ಲೇ, 1873ರಲ್ಲಿ ಜರ್ಮನಿಯ ಷೇರುಪೇಟೆ ಕುಸಿಯಿತು. ಜರ್ಮನ್ ಸೇನೆ ಬ್ಯಾಂಕ್ ಆಫ್ ಇಂಗ್ಲೆಂಡನ್ನು ಲೂಟಿ ಮಾಡಿದರೆ ಮೊದಲು ಮುಳುಗುವವರು ಲಂಡನ್ನಿನೊಡನೆ ವ್ಯವಹರಿಸುವ ಜರ್ಮನ್ ವರ್ತಕರೇ ಎಂದು ಅವರು ತೋರಿಸಿದರು. ಸಾಲ ಮತ್ತು ನಂಬಿಕೆಯ ಮೇಲೆ ನಿಂತ ಆಧುನಿಕ ಸಂಪತ್ತನ್ನು ಹಿಂದಿನ ಕಾಲದ ಕೊಳ್ಳೆಯಂತೆ ಹೊತ್ತೊಯ್ಯಲಾಗದು ಎಂಬುದು ಅವರ ವಾದದ ತಿರುಳು.

ಕೆಲವು ಉತ್ಸಾಹಿ ಅಭಿಮಾನಿಗಳು ಇದರಿಂದ ಬೇರೆಯೇ ತೀರ್ಮಾನಕ್ಕೆ ಬಂದರು. ನಷ್ಟ ಇಷ್ಟು ಖಚಿತವಾಗಿರುವಾಗ ಯಾವ ಸರ್ಕಾರವೂ ಯುದ್ಧಕ್ಕಿಳಿಯದು ಎಂದು ನಂಬಿದರು. 1914ರ ಆಗಸ್ಟಿನಲ್ಲಿ ಆ ನಂಬಿಕೆ ನುಚ್ಚುನೂರಾಯಿತು. ಪರಸ್ಪರ ಪ್ರಮುಖ ಗ್ರಾಹಕರಾಗಿದ್ದ ಬ್ರಿಟನ್ ಮತ್ತು ಜರ್ಮನಿ ಎದುರಾಳಿಗಳಾದವು. ನಾಲ್ಕು ವರ್ಷಗಳಲ್ಲಿ ಸುಮಾರು 90 ಲಕ್ಷ ಸೈನಿಕರು ಸತ್ತರು. ಗೆದ್ದ ದೇಶಗಳೂ ಸಾಲದಲ್ಲಿ ಮುಳುಗಿದವು. ಅಂದರೆ ಏಂಜೆಲ್ ಅವರ ಲೆಕ್ಕ ತಪ್ಪಿರಲಿಲ್ಲ. ಲೆಕ್ಕ ಸರಿಯಿದ್ದರೆ ಸಾಕು, ಜನ ಅದರಂತೆ ನಡೆಯುತ್ತಾರೆ ಎಂಬ ಭರವಸೆ ಹುಸಿಯಾಯಿತು.

ಏಂಜೆಲ್ ಅಲ್ಲಿಗೇ ಸುಮ್ಮನಾಗಲಿಲ್ಲ. ವಿದೇಶಾಂಗ ನೀತಿ ಜನರ ಹತೋಟಿಗೆ ಬರಬೇಕೆಂದು 1914ರಲ್ಲೇ ಸಮಾನಮನಸ್ಕರೊಡನೆ ಸಂಘಟನೆ ಕಟ್ಟಿದರು. 1919ರ ವರ್ಸೇಲ್ಸ್ ಒಪ್ಪಂದದ ಆರ್ಥಿಕ ಅವಿವೇಕವನ್ನು ಖಂಡಿಸಿದರು. ಜನಸಾಮಾನ್ಯರಿಗೆ ಹಣಕಾಸಿನ ಪಾಠ ಹೇಳಲು ಇಸ್ಪೀಟಿನಂತಹ ಎಲೆಗಳ ಆಟವೊಂದನ್ನೂ ರೂಪಿಸಿದರು. 1929ರಿಂದ 1931ರವರೆಗೆ ಲೇಬರ್ ಪಕ್ಷದ ಸಂಸದರಾಗಿದ್ದರು. ಅವರಿಗೆ 1933ನೇ ಸಾಲಿನ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು. ಆ ಹೊತ್ತಿಗೆ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗಿತ್ತು. ಶಾಂತಿಗೆ ವ್ಯಾಪಾರವೊಂದೇ ಸಾಲದು, ಆಕ್ರಮಣಕಾರನನ್ನು ರಾಷ್ಟ್ರಗಳೆಲ್ಲ ಒಟ್ಟಾಗಿ ತಡೆಯುವ ಸಾಮೂಹಿಕ ಭದ್ರತೆಯೂ ಬೇಕೆಂದು ಏಂಜೆಲ್ ಪ್ರತಿಪಾದಿಸುತ್ತಿದ್ದರು. 1935ರಲ್ಲಿ ಇಟಲಿ ಅಬಿಸೀನಿಯಾದ ಮೇಲೆರಗಿದಾಗ ಕಠಿಣ ಕ್ರಮಕ್ಕೆ ಒತ್ತಾಯಿಸಿದರು. ಹಿಟ್ಲರನ ಓಲೈಕೆಯನ್ನು ವಿರೋಧಿಸಿದರು. ಎರಡನೆಯ ಮಹಾಯುದ್ಧವನ್ನೂ ಕಂಡು, 1967ರಲ್ಲಿ, ತಮ್ಮ 94ನೇ ವಯಸ್ಸಿನಲ್ಲಿ ತೀರಿಕೊಂಡರು.

ಹಿಂಸೆ ಶತಮಾನಗಳಿಂದ ಇಳಿಯುತ್ತ ಬಂದಿದೆಯೆಂದು ಸ್ಟೀವನ್ ಪಿಂಕರ್ 2011ರಲ್ಲಿ ಅಂಕಿಅಂಶಗಳ ದೊಡ್ಡ ರಾಶಿಯನ್ನೇ ಮುಂದಿಟ್ಟು ವಾದಿಸಿದರು. ಒಂದು ಮಹಾಯುದ್ಧ ಇಡೀ ಸರಾಸರಿಯನ್ನೇ ಬುಡಮೇಲು ಮಾಡಬಲ್ಲುದಾದ್ದರಿಂದ, 1945ರ ನಂತರದ ಅವಧಿ ಇಂತಹ ತೀರ್ಮಾನಕ್ಕೆ ತೀರ ಚಿಕ್ಕದೆಂದು ಟೀಕಾಕಾರರು ಆಕ್ಷೇಪಿಸಿದರು. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ದಾಳಿಗಿಳಿದಾಗ, ಯುರೋಪಿನ ಮನೆಗಳನ್ನು ಬೆಚ್ಚಗಿಡುತ್ತಿದ್ದುದು ರಷ್ಯಾದ ಅನಿಲವೇ. ವ್ಯಾಪಾರದ ನಂಟು ಮತ್ತೊಮ್ಮೆ ಸೋತಿತು.

ಹಾಗೆಂದು ನಿರಾಶೆಗೆ ಕಾರಣವಿಲ್ಲ. ಏಂಜೆಲ್ ಉದಾಹರಿಸಿದ ಅದೇ ಅಲ್ಸೇಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಇಂದು ಯುರೋಪಿಯನ್ ಸಂಸತ್ತು ಸಭೆ ಸೇರುತ್ತದೆ. ಫ್ರಾನ್ಸ್-ಜರ್ಮನಿಗಳ ಹಗೆ ಕಾಲ ಕಳೆದಂತೆ ತಾನಾಗಿ ಕರಗಿದ್ದಲ್ಲ. 1951ರ ಕಲ್ಲಿದ್ದಲು-ಉಕ್ಕು ಒಪ್ಪಂದದಿಂದ ಮೊದಲ್ಗೊಂಡು, ಎರಡೂ ದೇಶಗಳು ತಮ್ಮ ಅಧಿಕಾರದ ಒಂದು ಪಾಲನ್ನು ಬಿಟ್ಟುಕೊಟ್ಟು ಕಟ್ಟಿದ ಸಂಸ್ಥೆಗಳ ಫಲವದು. ಶಾಂತಿ ಕಾಲಪ್ರವಾಹದ ಕೊಡುಗೆಯಲ್ಲ, ಆಡಳಿತದಂತೆ ನಿತ್ಯದ ಕೆಲಸ. ಲೆಕ್ಕ ಸರಿಯಿದೆಯೆಂದು ಕೈಕಟ್ಟಿ ಕುಳಿತವರಿಗೆ ಏಂಜೆಲ್ ಅವರ ಬದುಕು ಹೇಳುವುದು ಇಷ್ಟನ್ನೇ.